ಕಲ್ಲಿನ ಮೇಷ್ಟ್ರಿಗೊಂದು ಪೋಸ್ಟರ್

ಈ ಸಲದ ರಾಜ್ಯೋತ್ಸವಕ್ಕೆ ಪೋಸ್ಟರ್ ವಿನ್ಯಾಸ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ವಿಷಯ: ಕವಿ ಕೆ.ಎಸ್. ನಿಸಾರ್ ಅಹಮದ್. ಅವರು 1936ರಲ್ಲಿ ಹುಟ್ಟಿದ ದೇವನಹಳ್ಳಿ ನಮಗೆ ದೂರವೇನಲ್ಲ. ಹೆಬ್ಬಾಳ, ಯಲಹಂಕ ದಾಟಿ ಮುಂದೆ ಹೋದರೆ ಸಿಗುತ್ತದೆ.

ಮೊದಲು ಎದುರಾದದ್ದು ಅಕ್ಷರಗಳ ಲೆಕ್ಕ. ‘ನಿತ್ಯೋತ್ಸವ’ ಎಂಬ ಒಂದೇ ಪದದಲ್ಲಿ ಎರಡು ಒತ್ತಕ್ಷರ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇಂಗ್ಲಿಷ್ ಪೋಸ್ಟರಿನ ಅಳತೆ ಇಲ್ಲಿ ನಡೆಯುವುದಿಲ್ಲ. ಕನ್ನಡಕ್ಕೆ ಕೆಳಗೂ ಜಾಗ ಬೇಕು.

ಆಮೇಲೆ ಚಿತ್ರ. ಕವಿ ಎಂದರೆ ಗರಿ, ಮಸಿಕುಡಿಕೆ ಬರೆಯುವುದು ರೂಢಿ. ಆದರೆ ನಿಸಾರರು ಕಾಲೇಜಿನಲ್ಲಿ ಪಾಠ ಹೇಳಿದ್ದು ಭೂವಿಜ್ಞಾನ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್. ಅದೇ ಕವಿ ‘ಕುರಿಗಳು ಸಾರ್ ಕುರಿಗಳು’ ಬರೆದು, ಗುಂಪಿನ ಹಿಂದೆ ಹೋಗುವ ನಮ್ಮನ್ನು ನೋಡಿ ನಾವೇ ನಗುವಂತೆ ಮಾಡಿದರು. ಹಾಗಾಗಿ ನನ್ನ ಪೋಸ್ಟರಿನಲ್ಲಿ ಒಂದು ಬಂಡೆ, ಅದರ ಪದರಗಳಿಂದ ಹೊರಬರುವ ಕ್ಯಾಸೆಟ್ ಟೇಪು, ಮೇಲೆ ಒಂದು ಕುರಿ.

ನಾನು ವಿಜ್ಞಾನ ವಿಭಾಗದವನು. ಮುಂದೆ ಡಿಸೈನ್ ಓದುವ ಆಸೆ. “ಎರಡು ದೋಣಿಯ ಮೇಲೆ ಕಾಲಿಡಬೇಡ ಬೇಟಾ” ಅನ್ನುತ್ತಾರೆ ಅಬ್ಬಾ. ಹೊಟ್ಟೆಪಾಡಿನ ಆ ಚಿಂತೆ ಸುಳ್ಳಲ್ಲ. ನಿಸಾರರಿಗೂ ತಿಂಗಳ ಸಂಬಳ ತಂದದ್ದು ಪಾಠವೇ. ಆದರೆ ಸಂಬಳದ ಕೆಲಸಕ್ಕಾಗಿ ಅವರು ಹಾಡನ್ನೂ ಬಿಡಲಿಲ್ಲ, ನಗುವನ್ನೂ ಬಿಡಲಿಲ್ಲ. ಅಬ್ಬಾಗೆ ಇಷ್ಟು ಹೇಳಿದ್ದೇನೆ: ಸಿಇಟಿಗೆ ಚೆನ್ನಾಗಿ ಓದುತ್ತೇನೆ, ಪೆನ್ಸಿಲ್ ಮಾತ್ರ ಕೆಳಗಿಡುವುದಿಲ್ಲ. ಅವರು ಇನ್ನೂ ಬೇಡ ಅಂದಿಲ್ಲ.