ಅಪ್ಪನ ರಾತ್ರಿ ಫೋನು

ಅಪ್ಪ ಗಾರೆ ಮೇಸ್ತ್ರಿ. ಬೆಂಗಳೂರಲ್ಲಿ ಪ್ಲಾಸ್ಟರಿಂಗ್ ಸಬ್‌ಕಾಂಟ್ರಾಕ್ಟ್ ಹಿಡಿದು ಮಾಡಿಸ್ತಾರೆ. ದಿನಾ ರಾತ್ರಿ 8ಕ್ಕೆ ಫೋನ್ ಹಿಡಿದರೆ 9.30ರವರೆಗೂ ಅದೇ ಮಾತು. ಸೈಟ್ ಸೂಪರ್‌ವೈಸರ್‌ಗೆ, "ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಕೂರಿಸಿದ್ನಾ? ಮರಳು ಜರಡಿ ಆಯ್ತಾ? ಸಾರ್ವೆ ಕಟ್ಟಿದಾರಾ?" ಆಮೇಲೆ ಆಳುಗಳಿಗೆ, "ನಾಳೆ ಎಷ್ಟು ಜನ ಬರ್ತೀರಮ್ಮ?" ಇದನ್ನು ಕೇಳೋಕೇ ನನಗೆ ಸುಸ್ತು.

ಕಳೆದ ವರ್ಷ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಒಂದು ವಾರ ಈ ಕೆಲಸ ನನ್ನ ತಲೆಗೆ ಬಂತು. ಇಂಜಿನಿಯರ್ ಅಲ್ವಾ, ಗೂಗಲ್ ಶೀಟ್ ಮಾಡಿದೆ. ಸೈಟು, ಗಾರೆಯವರು, ಹೆಲ್ಪರ್‌ಗಳು, ಬಣ್ಣಬಣ್ಣದ ಕಾಲಂಗಳು. ವಾಟ್ಸಾಪ್‌ನಲ್ಲಿ ಕಳಿಸಿ 8.15ಕ್ಕೆಲ್ಲ ಮುಗಿಸಿದೆ.

ಬೆಳಿಗ್ಗೆ 9.30ಕ್ಕೆ ಸೈಟಿನಿಂದ ಫೋನ್. ಓಡಿಹೋದೆ. ನಾನು ಕಳಿಸಿದ 6 ಜನ ಎರಡನೇ ಮಹಡಿಯಲ್ಲಿ ಸುಮ್ಮನೆ ಕೂತಿದ್ದರು. ಗೋಡೆಯಲ್ಲಿ ಪೈಪೇ ಇಲ್ಲ. ಹಾಗೇ ಪ್ಲಾಸ್ಟರ್ ಮಾಡಿದರೆ ನಾಳೆ ಅದನ್ನೇ ಒಡೀಬೇಕು. ಬೇರೆ ಕಡೆ ಕೂಲಿಗೆ ಹೋಗೋಕೆ ಹೊತ್ತು ಮೀರಿತ್ತು. ಹೆಲ್ಪರ್ ಅಕ್ಕ ಒಬ್ಬರು ಕಟ್ಟಿ ತಂದಿದ್ದ ಬುತ್ತಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾ, "ಪರ್ವಾಗಿಲ್ಲ ಬಿಡಿ ಸಾರ್" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದರು. "ಅರ್ಧ ಕೂಲಿ ಅಲ್ಲ, ಪೂರ್ತಿ ಕೊಡು. ತಪ್ಪು ನಮ್ದು." 6 ಜನರ ಕೂಲಿ ನನ್ನ ಫೋನ್‌ಪೇಯಿಂದ ಹೋಯ್ತು.

ಅವತ್ತು ರಾತ್ರಿ ಶೀಟಿಗೆ 'ಪೈಪ್ ಆಯ್ತಾ?' ಅಂತ ಇನ್ನೊಂದು ಕಾಲಂ ಸೇರಿಸಿದೆ. ಅದನ್ನು ತುಂಬೋಕೆ ಫೋನ್ ಮಾಡಲೇಬೇಕಲ್ಲ. 8ಕ್ಕೆ ಶುರು ಮಾಡಿದೆ. ಇಟ್ಟಾಗ 9.30 ಆಗಿತ್ತು.