ಓ, ಯು, ಜಿ, ಎಚ್

ಇಂಗ್ಲಿಷ್ ಬರವಣಿಗೆಯಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಒಟ್ಟಾಗಿ ಬಂದರೆ ಅವನ್ನು ಹೀಗೆಯೇ ಓದಬೇಕೆಂದು ವಿಧಿಸಬಲ್ಲ ನಿಯಮವನ್ನು ಯಾವ ವೈಯಾಕರಣನಿಗೂ ಈವರೆಗೆ ಬರೆಯಲಾಗಿಲ್ಲ. ಆದರೂ ಎಂಬರ್ಥದ ‘ದೋ’, ಮೂಲಕ ಎಂಬರ್ಥದ ‘ಥ್ರೂ’, ಗಡಸನ್ನು ಹೇಳುವ ‘ಟಫ್’, ಕೆಮ್ಮನ್ನು ಹೇಳುವ ‘ಕಾಫ್’, ಮರದ ಕೊಂಬೆಯಾದ ‘ಬೌ’, ಕೂಲಂಕಷವೆಂಬ ‘ಥರ’, ಆಲೋಚನೆಯಾದ ‘ಥಾಟ್’ – ಈ ಏಳೂ ಪದಗಳಲ್ಲಿ ಆ ನಾಲ್ಕಕ್ಷರಗಳು ಚಾಚೂ ತಪ್ಪದೆ ಇವೆ. ಕನ್ನಡ ಲಿಪಿಯಲ್ಲಿ ಹೀಗೆ ಬರೆದಿಟ್ಟಾಗ ಇವುಗಳ ನಡುವೆ ಏನಾದರೂ ನಂಟಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ರೋಮನ್ ಲಿಪಿಯಲ್ಲಿಯಾದರೋ ಅವು ಊರೂರಿಗೆ ಚದುರಿ ಬೇರೆಬೇರೆ ಮಾತನಾಡತೊಡಗಿದ ಮೇಲೂ ಮನೆತನದ ಹೆಸರನ್ನು ಬಿಡದ ದಾಯಾದಿಗಳಂತೆ ಕಾಣುತ್ತವೆ. ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದಲ್ಲಿರುವ ‘ಲಫ್ಬರ’ ಎಂಬ ಪಟ್ಟಣದ ಹೆಸರಿನೊಳಗೆ ಈ ನಾಲ್ಕಕ್ಷರಗಳ ಗುಂಪು ಎರಡು ಬಾರಿ ಬರುತ್ತದೆ. ಒಂದೇ ಹೆಸರಿನಲ್ಲಿದ್ದೂ ಎರಡು ಕಡೆಯ ಉಚ್ಚಾರಣೆ ಒಂದಲ್ಲ.

ಈ ಗೊಂದಲದ ಬೇರು ಇರುವುದು ಇಂದಿನ ಇಂಗ್ಲಿಷ್ ಕಳೆದುಕೊಂಡಿರುವ ಒಂದು ಧ್ವನಿಯಲ್ಲಿ. ನಾಲಿಗೆಯ ಹಿಂಭಾಗವನ್ನು ಮೃದು ತಾಲುವಿನ ಹತ್ತಿರಕ್ಕೆ ಒಯ್ದು, ಆ ಕಿರಿದಾದ ಸಂದಿನಲ್ಲಿ ಉಸಿರನ್ನು ಉಜ್ಜಿ ಹೊರಡಿಸುವ ಧ್ವನಿಯದು. ದಖನಿ ಉರ್ದು ಮಾತನಾಡುವವರು ‘ಖಬರ್’ ಎನ್ನುವಾಗ ಮೊದಲಿಗೆ ಕೇಳಿಬರುವುದು ಹೆಚ್ಚುಕಡಿಮೆ ಇದೇ. ಹಳೆಯ ಇಂಗ್ಲಿಷಿನಲ್ಲಿ ಇದನ್ನು ಬರಿಯ ಎಚ್ ಅಕ್ಷರದಿಂದ ಸೂಚಿಸುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ ಕಾಗುಣಿತ ಮೆಲ್ಲಮೆಲ್ಲನೆ ಬದಲಾಗಿ, ‘ಯೋಖ್’ ಎಂಬ ವಿಶೇಷ ಅಕ್ಷರವೂ ಕೆಲಕಾಲ ಬಳಕೆಯಲ್ಲಿದ್ದು, ಕೊನೆಗೆ ಜಿ ಮತ್ತು ಎಚ್ ಅಕ್ಷರಗಳ ಜೋಡಿ ಆ ಧ್ವನಿಯ ಗುರುತಾಗಿ ನಿಂತಿತು. ಇಂಗ್ಲಿಷಿನ ದಾಯಾದಿ ಭಾಷೆಯಾದ ಜರ್ಮನ್ ಈ ಧ್ವನಿಯನ್ನು ಬಿಟ್ಟುಕೊಡಲಿಲ್ಲ. ಇಂಗ್ಲಿಷಿನವರು ‘ಥಾಟ್’ ಎನ್ನುವಲ್ಲಿ ಜರ್ಮನರು ಇಂದಿಗೂ ‘ಡಾಖ್ಟ’ ಎನ್ನುತ್ತಾರೆ. ಸ್ಕಾಟ್ಲೆಂಡಿನವರು ಸರೋವರವನ್ನು ‘ಲಾಖ್’ ಎಂದು ಕರೆಯುವಾಗಲೂ ಅದು ಕೇಳಿಸುತ್ತದೆ.

ಇಂಗ್ಲೆಂಡಿನ ಬಹುಭಾಗದಲ್ಲಿ ಮಾತ್ರ ಆ ಘರ್ಷಣೆ ಸಡಿಲಗೊಳ್ಳುತ್ತ ಹೋಗಿ, ಎರಡು ಬೇರೆ ದಾರಿಗಳನ್ನು ಹಿಡಿಯಿತು. ಕೆಲವು ಪದಗಳಲ್ಲಿ ಅದು ಪೂರ್ತಿ ಮಾಯವಾಯಿತು. ಉಳಿದ ಕೆಲವುಗಳಲ್ಲಿ, ಹಿಂದೆ ಬರುವ ಉಕಾರ ತುಟಿಗಳನ್ನು ದುಂಡಾಗಿಸುತ್ತಿದ್ದುದರಿಂದ, ಘರ್ಷಣೆಯೇ ಗಂಟಲ ಬದಿಯಿಂದ ಜಾರಿ ತುಟಿಗೆ ಬಂದು ‘ಫ್’ ಆಯಿತು. ಯಾವ ಪದಕ್ಕೆ ಯಾವ ದಾರಿ ಎಂಬುದನ್ನು ನಿರ್ಧರಿಸಿದ್ದು ತರ್ಕವಲ್ಲ. ಬೇರೆಬೇರೆ ಪ್ರಾಂತಗಳ ಆಡುಮಾತಿನಿಂದ ಲಂಡನ್ನಿನ ಶಿಷ್ಟಭಾಷೆ ಒಂದೊಂದು ಪದವನ್ನು ಒಂದೊಂದು ರೂಪದಲ್ಲಿ ಎತ್ತಿಕೊಂಡದ್ದೇ ಇಲ್ಲಿಯ ಕಥೆ. ನಾದಿದ ಹಿಟ್ಟಿಗೆ ಶಿಷ್ಟ ಇಂಗ್ಲಿಷಿನಲ್ಲಿ ‘ಡೋ’ ಎಂದಿರುವಾಗ, ಅದೇ ಪದದ ಉತ್ತರ ಇಂಗ್ಲೆಂಡಿನ ರೂಪ ‘ಡಫ್’ ಆಗಿ ‘ಪ್ಲಮ್ ಡಫ್’ ಎಂಬ ಬೇಯಿಸಿದ ಕಡುಬಿನ ಹೆಸರಿನಲ್ಲಿ ಉಳಿದಿರುವುದು ಈ ಆಯ್ಕೆ ಎಷ್ಟು ಆಕಸ್ಮಿಕವೆಂಬುದಕ್ಕೆ ಸಾಕ್ಷಿ. ‘ಥ್ರೂ’ ಮತ್ತು ‘ಥರ’ ಎಂಬ ಎರಡು ಪದಗಳ ಕಥೆ ಇನ್ನೂ ಸೊಗಸಾದುದು: ಇವು ಮೂಲದಲ್ಲಿ ಎರಡಲ್ಲ, ಒಂದೇ, ಈ ತುದಿಯಿಂದ ಆ ತುದಿಯವರೆಗೆ ಎಂಬ ಭಾವದ ಒಂದು ಪದವು ಉಚ್ಚಾರಣೆಯಲ್ಲಿ ಎರಡಾಗಿ ಸೀಳಿಕೊಂಡು, ಒಂದು ಹೋಳು ‘ಮೂಲಕ’ ಎಂಬ ಅರ್ಥವನ್ನೂ ಇನ್ನೊಂದು ‘ಕೂಲಂಕಷ’ ಎಂಬ ಅರ್ಥವನ್ನೂ ಪಾಲಿಗೆ ಪಡೆದವು.

ಇದೆಲ್ಲ ನಡೆಯುತ್ತಿದ್ದ ಕಾಲದಲ್ಲಿಯೇ, ಅಂದರೆ 1476ರಲ್ಲಿ, ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟವನ್ನು ತೆರೆದನು. ಅಚ್ಚಿನ ಮೊಳೆಗಳು ಕಾಗುಣಿತವನ್ನು ಹಿಡಿದು ನಿಲ್ಲಿಸತೊಡಗಿದುವು. ನಾಲಿಗೆ ಮಾತ್ರ ನಿಲ್ಲಲಿಲ್ಲ. ದೀರ್ಘಸ್ವರಗಳೆಲ್ಲ ತಮ್ಮ ಸ್ಥಾನ ಬದಲಿಸಿಕೊಂಡ, ಭಾಷಾವಿಜ್ಞಾನಿಗಳು ಮಹಾಸ್ವರಪಲ್ಲಟವೆಂದು ಕರೆಯುವ ವ್ಯಾಪಾರವು 15ನೆಯ ಶತಮಾನದಿಂದ 17ನೆಯ ಶತಮಾನದವರೆಗೆ ಚಾಚಿಕೊಂಡಿತು. ಹೀಗಾಗಿ ಇಂದಿನ ಓದುಗನ ಕಣ್ಣಿಗೆ ಬೀಳುವುದು ಸುಮಾರಾಗಿ ಮಧ್ಯಯುಗದ ಅಂತ್ಯದ ಇಂಗ್ಲಿಷ್, ಕಿವಿಗೆ ಬೀಳುವುದು ಬೇರೆಯೇ ಇಂಗ್ಲಿಷ್.

ಕಾಗುಣಿತವು ಉಚ್ಚಾರಣೆಯ ಮಾರ್ಗದರ್ಶಿಯಾಗಿ ಸೋತಿದ್ದರೂ ಪದದ ವಂಶಾವಳಿಯಾಗಿ ಗೆದ್ದಿದೆ ಎಂಬುದು ಅದರ ಪಕ್ಷಪಾತಿಗಳ ಸಾಮಾನ್ಯ ವಾದ. ಆ ವಾದದಲ್ಲಿ ಹುರುಳಿದೆಯಾದರೂ ಈ ವಂಶಾವಳಿಯಲ್ಲಿ ಖೊಟ್ಟಿ ದಾಖಲೆಗಳೂ ಸೇರಿಕೊಂಡಿವೆ ಎಂಬುದನ್ನು ಮರೆಯುವಂತಿಲ್ಲ. ಬಿಕ್ಕಳಿಕೆಗೆ ಇಂಗ್ಲಿಷಿನಲ್ಲಿ ‘ಹಿಕಪ್’ ಎನ್ನುತ್ತಾರೆ. ಬಿಕ್ಕುವ ಸದ್ದನ್ನೇ ಅನುಕರಿಸಿದ ಆ ಪದಕ್ಕೂ ಕೆಮ್ಮಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಸಂಬಂಧವಿದೆಯೆಂದು ಭಾವಿಸಿದವರು ಅದರ ಕೊನೆಗೆ ಕೆಮ್ಮಿನ ಕಾಗುಣಿತವನ್ನು ತಗುಲಿಸಿದರು. ಫ್ರೆಂಚಿನಿಂದ ಬಂದ ‘ಡಿಲೈಟ್’ ಎಂಬ ಪದದೊಳಗೆ ಜಿ ಮತ್ತು ಎಚ್ ನುಸುಳಿದ್ದು ಬೆಳಕಿನ ‘ಲೈಟ್’ ಪದವನ್ನು ಅನುಕರಿಸಿದ್ದರಿಂದ. ಅಲ್ಲಿ ಆ ಘರ್ಷಧ್ವನಿ ಎಂದೂ ಇದ್ದಿರಲಿಲ್ಲ.

ಕನ್ನಡವೂ ಇಂಥದೇ ಒಂದು ಧ್ವನಿಯನ್ನು ಕಳೆದುಕೊಂಡಿದೆ. ಹಳಗನ್ನಡದ ೞಕಾರವು ಸ್ವರದ ನೆರೆಯಲ್ಲಿ ಳಕಾರವಾಗಿ ‘ಏೞು’ ಎಂಬುದು ‘ಏಳು’ ಆಯಿತು. ವ್ಯಂಜನದ ಮುನ್ನ ರಕಾರವಾಗಿ, ಆಮೇಲೆ ಅದೂ ಕರಗಿ, ‘ಗೞ್ದೆ’ ಎಂಬುದು ‘ಗದ್ದೆ’ ಆಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿರುವುದನ್ನು ನೋಡಿದರೆ, ಅಷ್ಟು ಹೊತ್ತಿಗಾಗಲೇ ಕಿವಿಯೊಂದನ್ನೇ ನಂಬಿ ಅವನ್ನು ಬರೆಯುವುದು ಕಷ್ಟವಾಗಿತ್ತೆಂದು ತೋರುತ್ತದೆ. ಆದರೆ ಕನ್ನಡಿಗರು ಧ್ವನಿ ಹೋದ ಮೇಲೆ ಅಕ್ಷರವನ್ನೂ ಕಳುಹಿಸಿಕೊಟ್ಟರು. ಅದರಿಂದ ಮಕ್ಕಳಿಗೆ ಬಾಯಿಪಾಠದ ಹೊರೆ ತಪ್ಪಿತು, ಹಳೆಯ ಕಾವ್ಯವನ್ನು ಓದುವವರಿಗೆ ಟಿಪ್ಪಣಿಗಳ ಅಗತ್ಯ ಹುಟ್ಟಿತು.

ಇಂಗ್ಲಿಷಿನಲ್ಲಿಯೂ ಹಾಗೆ ಮಾಡಬೇಕೆಂದು ಹೊರಟವರು ಇಲ್ಲದಿಲ್ಲ. ಅಮೆರಿಕದಲ್ಲಿ ನೋವಾ ವೆಬ್‌ಸ್ಟರನ ನಿಘಂಟುಗಳ ಬೆಂಬಲ ಪಡೆದ, ನೇಗಿಲನ್ನು ಹೇಳುವ ‘ಪ್ಲೌ’ ಪದದ ಚುಟುಕು ಕಾಗುಣಿತ ಅಲ್ಲಿ ನೆಲೆನಿಂತಿತು. 1906ರಲ್ಲಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಕಾಗುಣಿತ ಸರಳೀಕರಣ ಮಂಡಳಿಯೊಂದು ಹುಟ್ಟಿ, ಅದೇ ವರ್ಷ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದರ 300 ಪದಗಳ ಪಟ್ಟಿಯನ್ನು ಸರ್ಕಾರಿ ಮುದ್ರಣಾಲಯದ ಮೇಲೆ ಹೇರಲು ಹೋದರು. ಪತ್ರಿಕೆಗಳ ಗೇಲಿ, ಕಾಂಗ್ರೆಸ್ಸಿನ ವಿರೋಧ ಎರಡೂ ಸೇರಿ ಕೆಲವೇ ತಿಂಗಳಲ್ಲಿ ಆ ಆಜ್ಞೆ ಮೂಲೆಗುಂಪಾಯಿತು. ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆ 1934ರಲ್ಲಿ ಕಾಗುಣಿತ ಸರಳೀಕರಣಕ್ಕೆ ಕೈಹಾಕಿ, ‘ದೋ’, ‘ಥ್ರೂ’, ‘ಥರ’ಗಳನ್ನೂ ಬಾಲ ಕತ್ತರಿಸಿ ಅಚ್ಚುಹಾಕಿ, ನಾಲ್ಕು ದಶಕ ಹಟ ಹಿಡಿದು, 1975ರಲ್ಲಿ ಆ ಬಾಲಗಳನ್ನು ಮತ್ತೆ ಅಂಟಿಸಿತು. ಅಧ್ಯಕ್ಷರಿಗೂ ಪತ್ರಿಕೆಗೂ ಆಗದ ಕೆಲಸವನ್ನು ಹೆದ್ದಾರಿಯ ತಿನಿಸಿನಂಗಡಿಗಳು ಯಾವ ಘೋಷಣೆಯೂ ಇಲ್ಲದೆ ಮಾಡಿವೆ: ಕಾರಿನಿಂದ ಇಳಿಯದೆ ಊಟ ಕೊಳ್ಳುವ ‘ಡ್ರೈವ್ ಥ್ರೂ’ ಕಿಟಕಿಯ ಫಲಕದಲ್ಲಿ ಆ ಪದಕ್ಕೆ ಸಾಮಾನ್ಯವಾಗಿ ಈಗ ನಾಲ್ಕೇ ಅಕ್ಷರ.