ದೇವರ ಹೂ, ಅಡುಗೆಯ ಹೂ

ಭಾನುವಾರ ಬೆಳಿಗ್ಗೆ ಅಜ್ಜಿ ಹಿತ್ತಲಿನಿಂದ ಕುಂಬಳದ ಹೂ ಕಿತ್ತು ತಂದರು. ಬುಡದಲ್ಲಿ ಹೀಚು ಇರುವ ಹೆಣ್ಣು ಹೂಗಳನ್ನು ಬಳ್ಳಿಯಲ್ಲೇ ಬಿಟ್ಟು, ಉದ್ದ ತೊಟ್ಟಿನ ಗಂಡು ಹೂಗಳನ್ನಷ್ಟೇ ಆರಿಸಿದ್ದರು. ಒಂದೊಂದನ್ನೂ ಬಿಡಿಸಿ, ಒಳಗಿನ ಕೇಸರ ತೆಗೆದು, ಇರುವೆ, ಹುಳ ಇದೆಯೇ ಎಂದು ನೋಡಿ, ಎರಡು ಮೂರು ಸಲ ತೊಳೆದು, ಬೋಂಡಾಕ್ಕೆ ಕಡಲೆಹಿಟ್ಟು ಕಲಸತೊಡಗಿದರು.

ಏಳನೇ ತರಗತಿಯ ಮೊಮ್ಮಗಳಿಗೆ ತಾನೂ ಏನಾದರೂ ಮಾಡುವ ಹುಮ್ಮಸ್ಸು. ಪೂಜೆಯ ಬುಟ್ಟಿಯಲ್ಲಿದ್ದ ಕೆಂಪು ಕಣಗಿಲೆ ಹೂಗಳನ್ನು ಹಿಡಿದು ಬಂದು, "ಅಜ್ಜೀ, ಇದನ್ನೂ ಹಿಟ್ಟಿಗೆ ಅದ್ದೋಣವೇ?" ಎಂದಳು.

ಅಜ್ಜಿ ತಟ್ಟನೆ ಅವಳ ಕೈ ಹಿಡಿದರು. "ಅದು ದೇವರಿಗೆ ಕಣೇ, ಬಾಯಿಗಲ್ಲ. ವಿಷ ಅದು. ಮೊದಲು ಕೈ ತೊಳೆದುಕೊಂಡು ಬಾ."

"ಎಣ್ಣೆಯಲ್ಲಿ ಕರಿದರೆ ವಿಷ ಹೋಗುವುದಿಲ್ಲವೇ? ಕುದಿಸಿದರೆ ರೋಗಾಣು ಸಾಯುತ್ತವೆ ಅಂತ ಪಾಠದಲ್ಲಿದೆಯಲ್ಲ!"

ಪ್ರಶ್ನೆ ಜಾಣತನದ್ದೇ. ಆದರೆ ರೋಗಾಣು ಜೀವಿ, ಶಾಖಕ್ಕೆ ಸಾಯುತ್ತದೆ. ಕಣಗಿಲೆಯಲ್ಲಿರುವ ಓಲಿಯಾಂಡ್ರಿನ್ ಜೀವಿಯಲ್ಲ, ರಾಸಾಯನಿಕ. ಬೇಯಿಸಿದರೂ ಒಣಗಿಸಿದರೂ ಈ ಗಿಡದ ವಿಷ ಹೋಗುವುದಿಲ್ಲ. ಹೊಟ್ಟೆಗೆ ಸೇರಿದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಹೃದಯದ ಬಡಿತವೇ ಹದ ತಪ್ಪಿ ಪ್ರಾಣಕ್ಕೆ ಕುತ್ತಾಗಬಹುದು. ಹಳದಿ ಕಣಗಿಲೆಯೂ ಅಷ್ಟೇ ಅಪಾಯಕಾರಿ. ಕೇರಳದಲ್ಲಿ ಕಣಗಿಲೆಗೆ 'ಅರಳಿ' ಎನ್ನುತ್ತಾರೆ. 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಅದನ್ನು ಬಳಸಬಾರದೆಂದು ತೀರ್ಮಾನಿಸಿದ್ದು ಈ ವಿಷದ ಭಯದಿಂದಲೇ.

ಹಾಗೆಂದು ಹೂವಿನ ಅಡುಗೆಗೇ ಹೆದರಬೇಕಿಲ್ಲ. ಬಾಳೆಹೂವಿನ ಪಲ್ಯ, ನುಗ್ಗೆಹೂವಿನ ಪಲ್ಯ ನಮ್ಮ ಮನೆಗಳಿಗೆ ಹೊಸದಲ್ಲ. ಆದರೆ ಹೂವಿನ ಗುರುತು ಖಚಿತವಾಗಿರಬೇಕು. ಚಿತ್ರ ನೋಡಿ ಊಹಿಸಿದರೆ ಸಾಲದು. ಹಾರಕ್ಕೆಂದು ಬೆಳೆದ ಅಂಗಡಿಯ ಗುಲಾಬಿಗೆ ಕೀಟನಾಶಕ ಸಿಂಪಡಿಸಿರಬಹುದು. ತೊಳೆದ ಮಾತ್ರಕ್ಕೆ ಅದು ಪೂರ್ತಿ ಹೋಗದು. ರಸ್ತೆಬದಿಯ ಹೂವೂ ಬೇಡ. ಹೊಸ ಹೂವನ್ನು ಮೊದಲ ಸಲ ಸ್ವಲ್ಪವೇ ತಿನ್ನಬೇಕು. ಪರಾಗ ಕೆಲವರಿಗೆ ಅಲರ್ಜಿ ತರುತ್ತದೆ. ಮಕ್ಕಳು ವಿಷದ ಹೂ ತಿಂದರೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದಿಗೆ ಹೋಗದೆ, ಆ ಗಿಡದ ಒಂದು ಕುಡಿಯನ್ನು ಚೀಲದಲ್ಲಿ ಹಾಕಿಕೊಂಡು ತಕ್ಷಣ ಆಸ್ಪತ್ರೆಗೆ ಓಡಬೇಕು.

ಮೊಮ್ಮಗಳು ಕಣಗಿಲೆಯನ್ನು ಬುಟ್ಟಿಗೆ ಹಾಕಿ, ಸೋಪಿನಿಂದ ಕೈ ತೊಳೆದು ಬಂದಳು. ಅಜ್ಜಿ ಗದರಲಿಲ್ಲ. "ಹಿಟ್ಟಿಗೆ ಹಾಕುವ ಮೊದಲು ಕೇಳಿದೆಯಲ್ಲ, ಒಳ್ಳೆಯದಾಯಿತು" ಎಂದು ಮೊದಲ ಬೋಂಡಾವನ್ನು ಅವಳ ತಟ್ಟೆಗೇ ಹಾಕಿದರು.